ಬೀಗಿತ್ತಿಯ ಕಾಲಿನ ಮೇಲೆ ಮಗು

ನನ್ನ ಮಗಳ ಅತ್ತೆಗೆ, ಅಂದರೆ ನನ್ನ ಬೀಗಿತ್ತಿಗೆ, ಆಗ ಎಪ್ಪತ್ತೊಂದು ವರ್ಷ. ನನಗೆ ಅರವತ್ತೈದು. ಪುತ್ತೂರಿನ ನಮ್ಮ ಮನೆಯ ಬಚ್ಚಲಿನಲ್ಲಿ ಅವರು ಒಂದು ಗೇಣು ಎತ್ತರದ ಮಣೆ ಹಾಕಿ, ಗೋಡೆ ಹಿಡಿಯದೆ ಅದರ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ಜೋಡಿಸಿ ಚಾಚುತ್ತಿದ್ದರು. ಆ ಕಾಲುಗಳ ಮೇಲೆ ನನ್ನ ಮೊಮ್ಮಗಳನ್ನು ಮಲಗಿಸಿ ಮೀಯಿಸುತ್ತಿದ್ದರು. ಮಿಂದಾದ ಮೇಲೆ ಮಗುವನ್ನು ನನ್ನ ಕೈಯ ಟವಲಿಗೆ ಹಾಕಿ, ನೆಲಕ್ಕೆ ಕೈ ಊರದೆ, ಒಮ್ಮೆಯೂ ನರಳದೆ ಎದ್ದು ನಿಲ್ಲುತ್ತಿದ್ದರು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತವಳು. ನನ್ನದೇ ಮನೆಯ ಬಾಣಂತನದಲ್ಲಿ ನನಗೆ ಸಿಕ್ಕಿದ ಕೆಲಸ ಟವಲು ಹಿಡಿಯುವುದು.

ಹೊಟ್ಟೆಕಿಚ್ಚು ಎಂದು ನೇರವಾಗಿಯೇ ಹೇಳುತ್ತೇನೆ. ಬೇರೆ ಒಳ್ಳೆಯ ಹೆಸರು ಕೊಟ್ಟರೆ ಸುಳ್ಳಾಗುತ್ತದೆ. ಇನ್ನೊಬ್ಬರ ಚಿನ್ನ, ಸೀರೆ, ಎರಡು ಮಾಳಿಗೆಯ ಮನೆ, ಇವನ್ನೆಲ್ಲ ನೋಡಿ ಜೀವಮಾನದಲ್ಲಿ ನಾನು ಉರಿದವಳಲ್ಲ. ಉರಿದದ್ದು ಒಬ್ಬ ಮುದುಕಿಯ ಕಾಲು ನೋಡಿ.

ನಮ್ಮಲ್ಲಿ ಮೊದಲ ಹೆರಿಗೆ ತಾಯಿಮನೆಯದ್ದು, ಮಗು ಮೀಯಿಸುವ ಕಾಲು ಅಜ್ಜಿಯದ್ದು, ಅಂದರೆ ಹೆತ್ತವಳ ಅಮ್ಮನದ್ದು. ನನ್ನ ಮಗಳು ಹುಟ್ಟಿದಾಗ ನನ್ನ ಅಮ್ಮ ಇದೇ ಬಚ್ಚಲಿನಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಎಲ್ಲ ನೋಡಿ ಕಲಿತಿದ್ದೆ. ಕುತ್ತಿಗೆ ಯಾವ ಪಾದದ ಕಡೆಗೆ ಇರಬೇಕು, ಕಿವಿಗೆ ನೀರು ಹೋಗದ ಹಾಗೆ ಅಂಗೈ ಹೇಗೆ ಅಡ್ಡ ಹಿಡಿಯಬೇಕು, ಹೆಸರು ಹಿಟ್ಟು ಎಷ್ಟು ತೆಳ್ಳಗೆ ಕಲಸಬೇಕು. ಒಬ್ಬಳೇ ಮಗಳು, ಅದೂ ತಡವಾಗಿ ಹುಟ್ಟಿದವಳು. ಅವಳ ಮದುವೆಯ ದಿನ ಎಲ್ಲರೂ ಅಳುವಾಗ ನಾನು ಮನಸ್ಸಿನಲ್ಲೇ ಮಣೆಗೆ ಜಾಗ ಹುಡುಕುತ್ತಿದ್ದೆ ಎಂದರೆ ನನ್ನ ಆಸೆ ಎಂಥದ್ದು ಎಂದು ಗೊತ್ತಾದೀತು.

ಅಂಥ ನನ್ನ ಬೆನ್ನು, ಮಗಳು ಎರಡು ತಿಂಗಳ ಬಸುರಿಯಾಗಿದ್ದಾಗ ಮುರಿಯಿತು. ಬಿದ್ದದ್ದಲ್ಲ, ಯಾರೂ ದೂಡಿದ್ದೂ ಅಲ್ಲ. ದೋಸೆಗೆ ನೆನೆಹಾಕಿದ ಅಕ್ಕಿಯ ಪಾತ್ರೆಯನ್ನು ನೆಲದಿಂದ ಎತ್ತಿದೆ, ಅಷ್ಟೆ. ಸೊಂಟದಿಂದ ಸ್ವಲ್ಪ ಮೇಲೆ ಏನೋ ಚಳಕ್ ಎಂದಿತು. ಪಾತ್ರೆಯನ್ನು ಅಲ್ಲಿಯೇ ಇಳಿಸಿ, ಅಡಿಗೆ ಕಟ್ಟೆ ಹಿಡಿದು ನಿಂತವಳಿಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನನ್ನ ಗಂಡ ಹಿಡಿಯಲು ಬಂದರೆ ಅವರ ಮೇಲೆಯೇ ರೇಗಿದೆ.

ಎಕ್ಸ್‌ರೇ ನೋಡಿದ ಡಾಕ್ಟರು ಬೆನ್ನುಮೂಳೆಯ ಒಂದು ಮಣಿ ಕುಸಿದಿದೆ ಎಂದರು. ಮೂಳೆ ಒಳಗಿನಿಂದಲೇ ಟೊಳ್ಳಾಗಿದೆ. ಆಮೇಲೆ ಯಾವ ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಿದರು. ನಾನು ಚೀಲ ಮೇಜಿನ ಮೇಲೆ ಸುರಿದೆ. ಅದರಲ್ಲಿ ಒಂದು ಸಣ್ಣ ಬಿಳಿ ಮಾತ್ರೆ ಇತ್ತು. ನನಗೆ ದಮ್ಮಿನ ಕಾಯಿಲೆ ಉಂಟು. ವರ್ಷಗಳ ಹಿಂದೆ ಒಮ್ಮೆ ಜೋರಾಗಿ ಉಸಿರು ಕಟ್ಟಿದಾಗ ಐದು ದಿನಕ್ಕೆಂದು ಬರೆದುಕೊಟ್ಟಿದ್ದ ಮಾತ್ರೆ. ಎರಡನೆಯ ದಿನಕ್ಕೇ ಎದೆ ಹಗುರಾಗಿತ್ತು. ಅಷ್ಟು ಒಳ್ಳೆಯ ಮಾತ್ರೆಯನ್ನು ಐದೇ ದಿನಕ್ಕೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಅದೇ ಹಳೆಯ ಚೀಟಿ ಹಿಡಿದು, ಒಂದೊಂದು ಸಲ ಒಂದೊಂದು ಅಂಗಡಿಗೆ ಹೋಗಿ ತರುತ್ತಿದ್ದೆ. ಬಸ್ಸಿನಲ್ಲಿ ಧೂಳು ಬಂದರೆ ಒಂದು, ಅಟ್ಟ ಗುಡಿಸುವ ಮೊದಲು ಒಂದು. ಹೀಗೆ ಆರೇಳು ವರ್ಷ. ಮುಖ ದುಂಡಗಾಯಿತು. ರಿಟೈರಾದ ಮೇಲೆ ಟೀಚರಿಗೆ ಒಳ್ಳೆಯ ಕಳೆ ಬಂದಿದೆ ಎಂದು ಜನ ಹೇಳಿದಾಗ ನಾನು ಹಿಗ್ಗುತ್ತಿದ್ದೆ. ಅದು ಕಳೆಯಲ್ಲ, ಈ ಮಾತ್ರೆಯ ಬಾವು ಎಂದು ಡಾಕ್ಟರು ಹೇಳಿದ್ದೂ ಆ ದಿನವೇ. ಮೂಳೆ ತಿಂದದ್ದೂ ಅದೇ.

ನನಗೆ ನಾಚಿಕೆಯ ಬದಲು ಸಿಟ್ಟು ಬಂತು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಡ್ರಿಲ್ಲಿಗೂ ನಾನೇ. ಬೆನ್ನು ನೇರ, ಎದೆ ಮುಂದೆ ಎಂದು ಎಷ್ಟು ಸಾವಿರ ಮಕ್ಕಳಿಗೆ ಕೂಗಿದ್ದೇನೋ ಲೆಕ್ಕವಿಲ್ಲ. ಈಗ ಡಾಕ್ಟರು ನನಗೇ ಪಾಠ ಹೇಳುತ್ತಿದ್ದರು. ಬಿಳಿ ಮಾತ್ರೆಯನ್ನು ತಟ್ಟನೆ ಬಿಡಬೇಡಿ, ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ದಮ್ಮಿಗೆ ಎಳೆದುಕೊಳ್ಳುವ ಔಷಧಿ ಸಾಕು. ಮೂಳೆಗೆ ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ನೀರಿನೊಂದಿಗೆ. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕುಡಿಯಬಾರದು. ಬಗ್ಗಿ ಭಾರ ಎತ್ತಬಾರದು, ನೆಲದ ಮೇಲೆ ಕೂರಬಾರದು. ವ್ಯಾಯಾಮ ಮಾತ್ರ ಮಾಡಲೇಬೇಕು. ನನಗೆ ಉಳಿದದ್ದೆಲ್ಲ ಕೇಳಿಸಲಿಲ್ಲ. ನೆಲದ ಮೇಲೆ ಕೂರಬಾರದು ಎಂಬುದೊಂದೇ ಕೇಳಿಸಿತು.

ಇನ್ನು ಏಳು ತಿಂಗಳಲ್ಲಿ ನಾನು ಮಣೆಯ ಮೇಲೆ ಕೂರಬೇಕು ಎಂದೆ. ಡಾಕ್ಟರು ಹ್ಞೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ನೋಡುವಾ ಎಂದರು.

ಆ ನೋಡುವಾ ಎಂಬ ಮಾತಿಗೆ ಜೋತುಬಿದ್ದು ನಾನು ಏಳು ತಿಂಗಳು ಕಳೆದೆ. ವ್ಯಾಯಾಮ ಹೇಳಿಕೊಡಲು ಶನಿವಾರ ಶನಿವಾರ ಒಬ್ಬ ಫಿಸಿಯೋಥೆರಪಿಸ್ಟ್ ಮನೆಗೆ ಬರುತ್ತಿದ್ದಳು. ನಮ್ಮ ಬೀದಿಯ ಕೊನೆಯ ಬ್ಯಾರಿ ಮುಸ್ಲಿಮರ ಮನೆಯ ಹೆಣ್ಣುಮಗಳು. ನಗುಮುಖದವಳು, ಆದರೆ ಒಂದು ಎಣಿಕೆ ತಪ್ಪಿದರೂ ಬಿಡುವವಳಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ. ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಅಂಗೈ ಕೊಟ್ಟು ದೂಡುವುದು. ಒಂದೇ ಕಾಲಿನ ಮೇಲೆ ನಿಲ್ಲುವುದು. ಮೊದಲ ತಿಂಗಳು ಮೂರನೆಯ ಸಲ ಏಳುವಾಗಲೇ ನನ್ನ ಕೈ ತಾನಾಗಿ ಕುರ್ಚಿಗೆ ಹೋಗುತ್ತಿತ್ತು. ಏಳನೆಯ ತಿಂಗಳಿಗೆ ಹತ್ತೂ ಸಲ ಎದ್ದೆ. ಭಾನುವಾರದ ಮಾತ್ರೆಯನ್ನೂ ಒಂದು ವಾರ ತಪ್ಪಿಸಿದವಳಲ್ಲ. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ, ಲೋಟ ಪೂರ್ತಿ ನೀರು ಕುಡಿದು, ಜಗಲಿಯ ಕುರ್ಚಿಯಲ್ಲಿ ಸೆಟೆದು ಕೂರುತ್ತಿದ್ದೆ.

ಆದರೂ ಮಗಳ ಒಂಬತ್ತನೆಯ ತಿಂಗಳಲ್ಲಿ ಬೆನ್ನು ಮತ್ತೆ ಚುಚ್ಚಲು ಶುರುವಾಯಿತು. ಹೊಸ ಎಕ್ಸ್‌ರೇಯಲ್ಲಿ ಕುಸಿದ ಮಣಿಯ ಪಕ್ಕದ್ದೂ ಒಂದು ಬದಿ ತಗ್ಗಿತ್ತು. ವಾರದ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರು ಎರಡು ಸಲ ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಹಾಜರಿ ಪುಸ್ತಕದಲ್ಲಿ ಒಂದು ದಿನ ತಪ್ಪಿಸದವಳನ್ನು ಹೀಗೆ ಕೇಳುವುದಾ? ಸರಿಯಾಗಿಯೇ ತೆಗೆದುಕೊಂಡಿದ್ದೇನೆ ಎಂದೆ. ಅವರಿಗೂ ಆಶ್ಚರ್ಯವಾಯಿತು. ಕೆಲವರಿಗೆ ನಿಧಾನ, ಮಣೆಯ ಯೋಚನೆ ಈ ಸಲ ಬಿಟ್ಟುಬಿಡಿ ಎಂದರು.

ಆಮೇಲೆ ಬಂದದ್ದೇ ಬೀಗಿತ್ತಿ. ಮಗಳೇ ಫೋನು ಮಾಡಿ ಕರೆಸಿದ್ದು, ನನ್ನನ್ನು ಒಂದು ಮಾತು ಕೇಳದೆ. ತಮ್ಮ ಊರು ಕೊಲ್ಲಮೊಗ್ರಿನಿಂದ ಎರಡು ಬಸ್ಸು ಬದಲಿಸಿ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ತೆಂಗಿನೆಣ್ಣೆಯ ಕ್ಯಾನು ಹಿಡಿದು ಇಳಿದರು. ಬಸ್‌ಸ್ಟ್ಯಾಂಡಿನಿಂದ ರಿಕ್ಷಾ ಕೂಡ ಮಾಡಿರಲಿಲ್ಲ, ನಡೆದೇ ಬಂದಿದ್ದರು. ಬಾಗಿಲಲ್ಲಿ ನಾವಿಬ್ಬರೂ ಎದುರುಬದುರು ನಿಂತಾಗ ನಾನು ತಲೆ ಎತ್ತಿ ಅವರ ಮುಖ ನೋಡಬೇಕಾಯಿತು. ಮದುವೆಯ ಫೋಟೋದಲ್ಲಿ ಅವರಿಗಿಂತ ನಾನು ಎರಡು ಬೆರಳು ಎತ್ತರ ಇದ್ದೇನೆ. ನನ್ನ ಸೀರೆಗಳ ನೆರಿಗೆ ನೆಲಕ್ಕೆ ತಾಗುವುದೇಕೆ ಎಂದು ಆಗ ಅರ್ಥವಾಯಿತು. ಸೀರೆ ಬೆಳೆದಿರಲಿಲ್ಲ, ನಾನು ಕುಗ್ಗಿದ್ದೆ.

ಮಗು ಹುಟ್ಟಿ ಆಸ್ಪತ್ರೆಯಿಂದ ಬಂದ ಮೇಲೆ ಮನೆಯೇ ಅವರದಾಯಿತು. ಅವರು ಯಜಮಾನಿಕೆ ಮಾಡುವವರಲ್ಲ, ಅದೇ ದೊಡ್ಡ ಕಷ್ಟ. ಜೋರು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಮೆಲ್ಲಗೆ ಮಾತಾಡಿ, ಹಂಡೆಗೆ ಬೆಂಕಿ ಹಾಕಿ, ಬಾಣಂತಿಗೆ ಕಷಾಯ ಕಾಯಿಸಿ, ನನ್ನ ಗಂಡನಿಗೆ ಕಾಫಿ ಕೊಟ್ಟು, ಆಮೇಲೆ ಹೋಗಿ ಮಣೆಯ ಮೇಲೆ ಕೂರುತ್ತಿದ್ದರು. ಮಗಳು ಮಾತಿಗೊಮ್ಮೆ ಅತ್ತೆ ಎನ್ನುತ್ತಿದ್ದಳು. ಮಗು ಅತ್ತರೆ ಅತ್ತೆ, ಹೊಕ್ಕುಳು ಒಣಗಿದರೆ ಅತ್ತೆ. ಅಮ್ಮ ಎಂದು ಕರೆದರೆ ಅದು, ಅಮ್ಮಾ ನೀನು ಬಗ್ಗಬೇಡ ಎನ್ನಲಿಕ್ಕೆ ಮಾತ್ರ.

ನಾನು ಸುಮ್ಮನಿರಲಿಲ್ಲ. ದಿನವೂ ನೀರು ಬಿಸಿಯಾಯಿತು ಎಂದೆ. ಮರುದಿನ ತಣ್ಣಗಾಯಿತು ಎಂದೆ. ಮೂಗು ಅಷ್ಟು ತೀಡಬಾರದು, ನಮ್ಮಲ್ಲಿ ಹಾಗೆ ಕ್ರಮವಿಲ್ಲ ಎಂದೆ. ಅವರ ಎಣ್ಣೆಯ ಕ್ಯಾನನ್ನು ಅಟ್ಟದ ಮೇಲೆ ಇರಿಸಿ ಅಂಗಡಿಯ ಎಣ್ಣೆ ಮುಂದಿಟ್ಟೆ. ಅವರು ಸ್ಟೂಲು ಹತ್ತಿ, ಕ್ಯಾನು ಇಳಿಸಿ, ಅದೇ ಎಣ್ಣೆ ತಿಕ್ಕಿದರು. ಸ್ಟೂಲು ಹತ್ತಿದ್ದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು. ನನ್ನ ಗಂಡ ಇದೆಲ್ಲ ತನಗೆ ಸಂಬಂಧವಿಲ್ಲದವರ ಹಾಗೆ ಪೇಪರಿನ ಹಿಂದೆ ಅಡಗಿದ್ದರು.

ಎಲ್ಲಕ್ಕಿಂತ ಹೆಚ್ಚು ಉರಿಸಿದವಳು ಆ ಫಿಸಿಯೋಥೆರಪಿಸ್ಟ್. ಒಂದು ಶನಿವಾರ ಅವಳು ಬರುವ ಹೊತ್ತಿಗೆ ಬೀಗಿತ್ತಿ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಹಾಗೆಯೇ ಎದ್ದರು. ಅವಳು ಚೀಲ ಇಳಿಸಿ, ಇನ್ನೊಮ್ಮೆ ಕೂತು ಏಳಿ ಅಜ್ಜಿ ಎಂದಳು. ಬೀಗಿತ್ತಿ ನಾಚುತ್ತ ಕೂತು ಎದ್ದರು. ನೋಡಿ ಟೀಚರ್, ಮೊಣಕಾಲು ಹೀಗೆ ಹೊರಗೆ ಬರಬೇಕು, ಭಾರ ಹಿಮ್ಮಡಿಯ ಮೇಲೆ ಇರಬೇಕು ಎಂದು ನನಗೆ ತೋರಿಸಿದಳು. ಕೊಟ್ಟ ಸಂಬಳ ನನ್ನದು, ಚಪ್ಪಾಳೆ ಅವರಿಗೆ. ಆ ದಿನ ನಾನು ಹಿಮ್ಮಡಿ ಎತ್ತುವ ವ್ಯಾಯಾಮ ಬಿಟ್ಟು ತಲೆನೋವು ಎಂದು ಮಲಗಿದೆ. ಕೆಲವರಿಗೆ ದೇವರು ಹುಟ್ಟುವಾಗಲೇ ಕಬ್ಬಿಣದ ಮೂಳೆ ಕೊಟ್ಟಿರುತ್ತಾನೆ, ಅವರಿಗೆ ಮಾತ್ರೆ ಬೇಡ, ವ್ಯಾಯಾಮ ಬೇಡ, ನಮ್ಮಂಥವರು ಸಾಯುವುದು ಎಂದು ಗೋಡೆ ಕಡೆ ತಿರುಗಿ ಬೈದೆ. ಗಂಡನಿಗೆ ಕೇಳಿಸಿರಬೇಕು, ಪೇಪರು ಮಗುಚಿದ ಸದ್ದಾಯಿತು.

ಮರುದಿನ ಭಾನುವಾರ. ಮಾತ್ರೆ ನುಂಗಿ, ನೀರು ಕುಡಿದು ಜಗಲಿಯಲ್ಲಿ ಕೂತೆ. ಎಂದಿನಂತೆ ಎಲೆ ಅಡಿಕೆಯ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡೆ. ಎದ್ದ ಕೂಡಲೇ ಒಂದು ವೀಳ್ಯ ಜಗಿಯದಿದ್ದರೆ ನನಗೆ ಬೆಳಗಾಗುವುದಿಲ್ಲ. ಶಾಲೆಗೆ ಹೋಗುವಾಗ ಬಿಟ್ಟಿದ್ದ ಅಭ್ಯಾಸ, ರಿಟೈರಾದ ಮೇಲೆ ಬಡ್ಡಿ ಸಮೇತ ಬಂದಿತ್ತು. ಎಲೆಯ ಬೆನ್ನಿಗೆ ಸುಣ್ಣ ಸವರುವಾಗ ಭಾನುವಾರ ಸ್ವಲ್ಪ ದಪ್ಪವಾಗಿಯೇ ಸವರುತ್ತಿದ್ದೆ. ಸುಣ್ಣ ಎಂದರೆ ಕ್ಯಾಲ್ಸಿಯಂ ಅಲ್ಲವಾ, ಮಕ್ಕಳಿಗೆ ನಾನೇ ಪಾಠ ಮಾಡಿದ್ದು. ಮೂಳೆಯ ಮಾತ್ರೆಯ ಜೊತೆಗೆ ಸುಣ್ಣವೂ ಹೋದರೆ ದುಪ್ಪಟ್ಟು ಲಾಭ ಎಂಬ ಲೆಕ್ಕ.

ಬೀಗಿತ್ತಿ ಹಂಡೆಗೆ ಸೌದೆ ತರಲು ಹೊರಟವರು ನನ್ನೆದುರು ನಿಂತರು. ಹೋಗಲಿಲ್ಲ. ಎಂತ ಎಂದು ಹುಬ್ಬು ಹಾರಿಸಿದೆ.

"ಟೀಚರೆ, ಸಿಟ್ಟು ಮಾಡ್ಬೇಡಿ. ಆ ಮಾತ್ರೆ ತಗೊಂಡು ಎಲೆ ತಿನ್ಲಿಕ್ಕುಂಟಾ? ನಂಗೆ ಡಾಕ್ಟ್ರು ಸುಣ್ಣ ಮುಟ್ಲೇಬಾರ್ದು ಅಂತ ಹೇಳಿದ್ರು."

ನಿಮಗೆ ಎಂಥ ಮಾತ್ರೆ, ಯಾವ ಡಾಕ್ಟರು ಎಂದೆ, ಬಾಯಿ ತುಂಬ ಎಲೆ ಇಟ್ಟುಕೊಂಡೇ. ಅವರು ಸೌದೆಯ ಬುಟ್ಟಿ ಕೆಳಗಿಟ್ಟು, ಎಡಗೈ ಮುಂದೆ ಚಾಚಿದರು. ಮಣಿಕಟ್ಟು ಒಂದು ಬದಿಗೆ ಸೊಟ್ಟಗಿತ್ತು. ಆರು ವರ್ಷದ ಹಿಂದೆ ಮನೆಯ ಹತ್ತಿರದ ತೋಡು ದಾಟುವ ಮರದ ಸಂಕದ ಮೇಲೆ ಜಾರಿ ಕೂತದ್ದಂತೆ. ಕೈ ಊರಿದ್ದಕ್ಕೇ ಮಣಿಕಟ್ಟು ಪುಡಿಯಾಯಿತು. ಸುಳ್ಯದ ಡಾಕ್ಟರು ಮೂಳೆ ಟೊಳ್ಳು ಎಂದು ಇದೇ ವಾರದ ಮಾತ್ರೆ ಕೊಟ್ಟರು. ಐದು ವರ್ಷ ತೆಗೆದುಕೊಂಡು, ಸಾಕು ಎಂದ ಮೇಲೆ ನಿಲ್ಲಿಸಿದ್ದು. ಆಗ ಅವರಿಗೂ ನೆಲದಿಂದ ಏಳಲಿಕ್ಕೆ ಆಗುತ್ತಿರಲಿಲ್ಲ. ಜಗಲಿಯ ಕಂಬ ಹಿಡಿದು ಕೂತು ಏಳುವುದನ್ನು ದಿನವೂ ಮಾಡಿ ಮಾಡಿ, ಕಂಬ ಬಿಡಲಿಕ್ಕೇ ಎರಡು ವರ್ಷ ಬೇಕಾಯಿತಂತೆ. ಎಲೆ ಅಡಿಕೆಯನ್ನೂ ಆಗಲೇ ಬಿಟ್ಟರು. ಮೂಳೆಗೆ ಸುಣ್ಣ ಬೇಕು, ಆದರೆ ಆ ಮಾತ್ರೆಯ ಜೊತೆಗೆ ಹೋದರೆ ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂದು ಅವರ ಡಾಕ್ಟರು ಬಿಡಿಸಿ ಹೇಳಿದ್ದರು.

ಮೂರು ವಾರದಿಂದ ಈ ಹೆಂಗಸು ನನ್ನ ಮನೆಯಲ್ಲಿದ್ದರು. ಆ ಸೊಟ್ಟ ಕೈಯಲ್ಲೇ ನನ್ನ ಮೊಮ್ಮಗಳ ಕುತ್ತಿಗೆ ಹಿಡಿದಿದ್ದರು. ನಾನು ದಿನವೂ ಎರಡಡಿ ದೂರದಲ್ಲಿ ಕೂತು ಅವರ ಕಾಲನ್ನೇ ನೋಡಿದ್ದೆ. ಕೈ ನೋಡಿರಲಿಲ್ಲ.

ಮೊದಲೇ ಹೇಳಬಾರದಿತ್ತಾ ಎಂದು ಅವರ ಮೇಲೆಯೇ ಹರಿಹಾಯ್ದೆ. ಕಳೆದ ಎರಡು ಭಾನುವಾರವೂ ನೋಡಿದ್ದರಂತೆ.

"ನಾನು ಆರನೇ ಕ್ಲಾಸು. ನಿಮ್ಗೆ ನಾನು ಎಂತ ಹೇಳುದು? ನೀರು ಬಿಸಿ ಅಂದ್ರೂ ತಪ್ಪು, ತಣ್ಣಗೆ ಅಂದ್ರೂ ತಪ್ಪು. ಇದು ಹೇಳಿದ್ರೆ ನೀವು ಹಟಕ್ಕೆ ಇನ್ನೊಂದು ಎಲೆ ತಿಂದೀರಿ ಅಂತ ಹೆದರಿಕೆ ಆಯ್ತು."

ತಿನ್ನುತ್ತಿದ್ದೆ. ಖಂಡಿತ ತಿನ್ನುತ್ತಿದ್ದೆ. ಜಗಿದದ್ದನ್ನು ಅಂಗಳಕ್ಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕುರ್ಚಿಯಲ್ಲಿ ಕೂತು ಅತ್ತೆ. ಅತ್ತದ್ದು ಬೆನ್ನಿಗಲ್ಲ, ಏಳು ತಿಂಗಳಿಗೆ. ಅಷ್ಟೂ ಭಾನುವಾರಗಳನ್ನು ನಾನೇ ಸುಣ್ಣ ಬಳಿದು ಜಗಿದು ಉಗುಳಿದ್ದೆ. ಏನೂ ತಿನ್ನಬೇಡಿ ಎಂದಾಗ ಎಲೆಯೂ ತಿನ್ನಬಾರದಾ ಎಂದು ಕೇಳಲು ನನಗೆ ಬಾಯಿ ಇರಲಿಲ್ಲವಾ? ಎಲೆ ಅಡಿಕೆಯನ್ನು ತಿಂಡಿ ಎಂದು ನಮ್ಮ ಊರಲ್ಲಿ ಯಾರು ಲೆಕ್ಕ ಹಾಕುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಸೋಮವಾರ ಡಾಕ್ಟರ ಹತ್ತಿರ ಹೋಗಿ ಒಪ್ಪಿಕೊಂಡೆ. ಅವರು ಪೆನ್ನು ಕೆಳಗಿಟ್ಟರು. ಮಾತ್ರೆಯ ಹೆಚ್ಚಿನ ಪಾಲು ನೀರಿಗೆ ಹೋಗಿದೆ, ಇವತ್ತಿನಿಂದ ಹೊಸದಾಗಿ ಶುರು ಎಂದು ತಿಳಿಯಿರಿ ಎಂದರು. ದಮ್ಮು ಇರುವವರಿಗೆ ಅಡಿಕೆಯೂ ಒಳ್ಳೆಯದಲ್ಲವಂತೆ. ಅಡಿಕೆ ಮಾರ್ಕೆಟ್ಟಿನ ಊರಲ್ಲಿ ಕೂತು ಆ ಮಾತು ಹೇಳುವಾಗ ಅವರ ಸ್ವರ ಸಣ್ಣದಾಗಿತ್ತು. ಮಣೆಯ ಮೇಲೆ ಯಾವಾಗ ಕೂರಬಹುದು ಎಂದು ಕೇಳಿದೆ. ಒಂದೂವರೆ, ಎರಡು ವರ್ಷ, ಮೂಳೆ ಹೇಗೆ ಬರುತ್ತದೋ ನೋಡಿ ಎಂದರು. ಅಷ್ಟು ಹೊತ್ತಿಗೆ ಮಗು ತಾನೇ ನಿಂತು ಮೀಯುತ್ತದೆ. ಈ ಮಗು ನನ್ನ ಕಾಲಿನ ಮೇಲೆ ಮೀಯುವುದಿಲ್ಲ ಎಂದು ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಟವಲು ಹಿಡಿದು ಕೂತಿದ್ದಾಗ ಹೇಳಿಬಿಟ್ಟೆ. "ನಂಗೆ ನಿಮ್ಮನ್ನು ಕಂಡ್ರೆ ಹೊಟ್ಟೆಕಿಚ್ಚು."

ಬೀಗಿತ್ತಿ ಮಗುವಿನ ಕಂಕುಳಿಗೆ ಹಿಟ್ಟು ಹಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು ಮಾರಾಯ್ರೆ. ಎಣ್ಣೆ ಕ್ಯಾನು ಅಟ್ಟಕ್ಕೆ ಹತ್ತಿದ ದಿನವೇ ಗೊತ್ತಾಯ್ತು. ಈಗ ಆ ಟವಲು ಮೊಳೆಗೆ ಹಾಕಿ, ಚೊಂಬು ಹಿಡೀರಿ. ನನ್ನ ಈ ಕೈ ಮೇಲೆ ಎತ್ತುವಾಗ ನೋವಾಗ್ತದೆ. ನೀರು ನೀವು ಹೊಯ್ಯಿರಿ."

ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತೆ. ಬಗ್ಗಬೇಕಾಗಿರಲಿಲ್ಲ, ಬಕೆಟನ್ನು ಅವರು ಒಂದು ಕಲ್ಲಿನ ಮೇಲೆ ಏರಿಸಿ ಇಟ್ಟಿದ್ದರು. ಹಿಂದಿನ ದಿನವೇ ಇಟ್ಟಿದ್ದರು ಎಂದು ಆಮೇಲೆ ಮಗಳು ಹೇಳಿದಳು. ಚೊಂಬಿನ ನೀರನ್ನು ಅಂಗೈಗೆ ಬಿಟ್ಟು ನೋಡಿ, ಮಗುವಿನ ಎದೆಯ ಮೇಲೆ ಹೊಯ್ದೆ. ನೀರು ಹದವಾಗಿತ್ತು, ಹೆಸರಿಡಲು ಏನೂ ಇರಲಿಲ್ಲ. ಮಗು ಕಾಲು ಒದ್ದು ಬಾಯಿ ತೆರೆಯಿತು. ನಾನು ಹೊಯ್ದ ನೀರು ಮಗುವಿನ ಮೈಯಿಂದ ಇಳಿದು ಅವರ ಕಾಲುಗಳ ಮೇಲೆ ಹರಿಯಿತು. ಹೊಟ್ಟೆಕಿಚ್ಚು ಆಗಲೂ ಹೋಗಲಿಲ್ಲ. ಚೊಂಬು ಮಾತ್ರ ಕೆಳಗಿಡಲಿಲ್ಲ, ಅವರು ಹೊರಡುವ ದಿನದವರೆಗೂ.

ಹೊರಡುವಾಗ ಅವರು ಮಣೆಯನ್ನು ತೊಳೆದು ಬಚ್ಚಲಿನ ಗೋಡೆಗೆ ಒರಗಿಸಿದರು. ಎರಡನೆಯದ್ದು ಬಂದರೆ ಕಾಲು ನಿಮ್ಮದು, ನಾನು ಚೊಂಬು ಹಿಡಿಯುತ್ತೇನೆ ಎಂದರು. ಒಳಗಿನಿಂದ ಮಗಳು, ನನ್ನನ್ನು ಕೇಳುವವರು ಯಾರಾದರೂ ಇದ್ದೀರಾ ಎಂದು ಕೂಗಿದಳು. ಮೂರು ತಿಂಗಳಾದ ಮೇಲೆ ಮಗಳೂ ಮಗುವೂ ಕೊಲ್ಲಮೊಗ್ರಿಗೆ ಹೋದರು.

ಈಗಲೂ ವ್ಯಾಯಾಮ ಬಿಟ್ಟಿಲ್ಲ. ಕುರ್ಚಿಯಿಂದ ಹದಿನೈದು ಸಲ ಏಳುತ್ತೇನೆ, ಕೈ ಊರದೆ. ಹದಿಮೂರನೆಯದಕ್ಕೆ ತೊಡೆ ನಡುಗುತ್ತದೆ. ಬಿಳಿ ಮಾತ್ರೆ ಪೂರ್ತಿ ನಿಂತಿದೆ, ಮುಖ ಸೊರಗಿದೆ, ಕಳೆ ಹೋಯಿತು ಎಂದು ಜನ ಮರುಗುತ್ತಾರೆ. ಎಲೆ ಬಿಟ್ಟದ್ದೇ ಎಲ್ಲಕ್ಕಿಂತ ಕಷ್ಟ. ಅದರಲ್ಲೂ ಭಾನುವಾರದ ಆ ಅರ್ಧ ಗಂಟೆ. ಮಾತ್ರೆ ನುಂಗಿ ಜಗಲಿಯಲ್ಲಿ ಕೂತ ಕೂಡಲೇ ಕೈ ತಟ್ಟೆ ಇದ್ದ ಜಾಗಕ್ಕೆ ಹೋಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕೊಲ್ಲಮೊಗ್ರಿನಿಂದ ಫೋನು ಬರುತ್ತದೆ. ಒಂದು ವಾರವೂ ತಪ್ಪಿಲ್ಲ.

"ಟೀಚರೆ, ಬಾಯಲ್ಲಿ ಎಂತ ಉಂಟು?"

ಎಂತದೂ ಇಲ್ಲ ಎನ್ನುತ್ತೇನೆ. ಆಮೇಲೆ ಅರ್ಧ ಗಂಟೆ ಅವರು ಮಗುವಿನ ಸುದ್ದಿ ಹೇಳುತ್ತಾರೆ. ಮಗುಚಿಕೊಂಡಾಯಿತು, ಕೂತಾಯಿತು, ಹಾಲಿನಂಥ ಎರಡು ಹಲ್ಲು ಬಂದಿದೆ, ಈಗ ಕಾಲಿನ ಮೇಲೆ ಹಿಡಿಸುವುದಿಲ್ಲ, ಮೀಯಿಸುವಾಗ ಜಾರಿ ಜಾರಿ ಓಡುತ್ತದೆ. ನಾನು ಬೆನ್ನು ನೇರ ಮಾಡಿ, ಖಾಲಿ ಬಾಯಲ್ಲಿ ಕೂತು, ಹೊಟ್ಟೆ ಉರಿಸಿಕೊಂಡು ಕೇಳುತ್ತೇನೆ.